ಮೇಷ್ಟ್ರು ಹೋದ ಮೇಲೆ ಸಂಘದ ಚೀಲ ನನ್ನ ಕೈಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಸಂಜೆಶಾಲೆ · 21 ಜೂನ್ 2025

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮೂರಲ್ಲಿ 2009ರಲ್ಲಿ ನೋಂದಣಿಯಾದ ಒಂದು ಸಂಘ ಇದೆ. ಸಂಜೆ ಐದೂವರೆಯಿಂದ ಏಳೂವರೆವರೆಗೆ ಮಕ್ಕಳಿಗೆ ಪಾಠ, ಜೊತೆಗೆ ಒಂದು ಸಣ್ಣ ಲೈಬ್ರರಿ. ಈಗ 64 ಮಕ್ಕಳು ಬರುತ್ತಾರೆ. ಪಾಠ ಹೇಳುವ ಮೂವರಿಗೆ ತಿಂಗಳಿಗೆ ಆರಾರು ಸಾವಿರ ಗೌರವಧನ. ಬಾಡಿಗೆ, ಕರೆಂಟು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಖರ್ಚು. ಕೊಡುವವರು ಊರಿನವರು, ಊರು ಬಿಟ್ಟು ಬೆಂಗಳೂರು ಸೇರಿದವರು. ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗಿ ದುಡ್ಡು ಕೈಗೆ ಬಂದಾಗ ನಮ್ಮ ಸಂಘಕ್ಕೂ ಬರುತ್ತದೆ. ಉಳಿದ ತಿಂಗಳು ಎಳೆದಾಡಿಕೊಂಡು ಹೋಗುವುದು.

ಇದನ್ನು ಕಟ್ಟಿ ಬೆಳೆಸಿದವರು ನಮ್ಮ ಮೇಷ್ಟ್ರು. ಹದಿನಾರು ವರ್ಷ ಅವರೇ ಕಾರ್ಯದರ್ಶಿ. ಮಾರ್ಚ್‌ನಲ್ಲಿ ತೀರಿಕೊಂಡರು. ನಾನು ಅವರ ಹತ್ತಿರ ಓದಿದವನು, ಸಮಿತಿಯಲ್ಲಿ ಹೆಸರಿಗೆ ಸದಸ್ಯ. ಹೋದ ವಾರ ಅವರ ಮಗ ಮನೆಗೆ ಬಂದು ಒಂದು ಜವಳಿ ಅಂಗಡಿಯ ಚೀಲ ಕೊಟ್ಟು ಹೋದರು. "ಅಪ್ಪ ಸಂಘದ್ದು ಅಂತ ಇಟ್ಟಿದ್ದರು" ಎಂದರು. ಅದರಲ್ಲಿ ನಡಾವಳಿ ಪುಸ್ತಕ, ಎರಡು ಪಾಸ್‌ಬುಕ್, ಅರ್ಧ ಮುಗಿದ ರಸೀದಿ ಪುಸ್ತಕ, ಪ್ಯಾನ್ ಕಾರ್ಡು, ನೋಂದಣಿ ಪತ್ರ, ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲುಗಳು ಇವೆ. ಹಾಸನಕ್ಕೆ ಹೋಗಿಬಂದ ಬಸ್ ಟಿಕೆಟ್‌ಗಳ ಹಿಂದೆ ಪೆನ್ಸಿಲ್‌ನಲ್ಲಿ "ಸ್ವಂತ" ಎಂದು ಬರೆದಿದ್ದಾರೆ. ಅಂದರೆ ಸಂಘದ ಓಡಾಟಕ್ಕೂ ತಮ್ಮ ಜೇಬಿನ ದುಡ್ಡೇ. ಅದನ್ನು ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬಂದಿಲ್ಲ.

ಈಗಿನ ಸ್ಥಿತಿ: ಬ್ಯಾಂಕ್ ಖಾತೆಗೆ ಅಧ್ಯಕ್ಷರು ಮತ್ತು ಮೇಷ್ಟ್ರು ಇಬ್ಬರ ಸಹಿ ಬೇಕು, ಹಾಗಾಗಿ ದುಡ್ಡು ತೆಗೆಯಲು ಆಗುತ್ತಿಲ್ಲ. ಏಪ್ರಿಲ್‌ನಿಂದ ಪಾಠ ಹೇಳುವವರಿಗೆ ಕೊಟ್ಟಿಲ್ಲ. ನಡಾವಳಿ ಪುಸ್ತಕದಲ್ಲಿ ಕೊನೆಯ ಸರ್ವ ಸದಸ್ಯರ ಸಭೆ 2021ರದ್ದು. ಹಾಸನದ ನೋಂದಣಾಧಿಕಾರಿ ಕಚೇರಿಗೆ ನಾಲ್ಕು ವರ್ಷದಿಂದ ಏನೂ ಸಲ್ಲಿಸಿಲ್ಲ. ತೆರಿಗೆ ರಿಟರ್ನ್ ಮಾತ್ರ ಕಳೆದ ವರ್ಷದವರೆಗೆ ಆಗಿದೆ. ಕಚೇರಿ ಹತ್ತಿರ ಒಬ್ಬರು ನಾಲ್ಕು ವರ್ಷದ ನಡಾವಳಿ "ರೆಡಿ ಮಾಡಿಕೊಡುತ್ತೇನೆ" ಎಂದು ಹದಿನೈದು ಸಾವಿರ ಕೇಳಿದರು. ಎಲ್ಲರೂ ಹಾಗೇ ಮಾಡುತ್ತಾರಂತೆ. ಏನು ಮಾಡಲಿ? ಸಂಘ ನಿಲ್ಲಬಾರದು, ಅಷ್ಟೇ ನನ್ನ ಆಸೆ.

---

ಹಳೇ ಕಾರ್ಯದರ್ಶಿ · 21 ಜೂನ್ 2025

ತಮ್ಮಾ, ಮೊದಲು ಆ ಹದಿನೈದು ಸಾವಿರದ ವಿಷಯ. ಬೇಡ. ನಡೆಯದ ಸಭೆಗೆ ನಡಾವಳಿ ಬರೆಯಬೇಡ, ಬರೆಸಲೂಬೇಡ. ನಾನು ಇಪ್ಪತ್ತೆರಡು ವರ್ಷ ಒಂದು ಸಂಘದ ಕಾರ್ಯದರ್ಶಿಯಾಗಿದ್ದವನು. ತಡವಾಗಿದೆ ಎಂದು ಒಪ್ಪಿಕೊಂಡವರಿಗೆ ಕಚೇರಿಯಲ್ಲಿ ದಾರಿ ಸಿಕ್ಕಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಸುಳ್ಳು ನಡಾವಳಿ ಹಾಗಲ್ಲ. 2022ರ ಸಭೆಗೆ ಬಂದಿದ್ದರು ಎಂದು ಯಾರದೋ ಸಹಿ ಹಾಕಿಸುತ್ತೀರಿ, ಆ ತಿಂಗಳು ಅವರು ಮಗಳ ಬಾಣಂತನಕ್ಕೆ ಪುಣೆಯಲ್ಲಿದ್ದರು ಎಂದು ನಾಳೆ ಒಬ್ಬರು ಹೇಳುತ್ತಾರೆ. ಅಲ್ಲಿಗೆ ಮೇಷ್ಟ್ರು ಹದಿನಾರು ವರ್ಷ ಗಳಿಸಿದ ಹೆಸರೂ ಹೋಯಿತು.

ಈಗ ಮಾಡಬೇಕಾದ್ದು. ಆ ಚೀಲವನ್ನು ಒಬ್ಬನೇ ಬಿಚ್ಚಬೇಡ. ಅಧ್ಯಕ್ಷರನ್ನೂ ಇನ್ನೊಬ್ಬ ಸದಸ್ಯರನ್ನೂ ಕೂರಿಸಿಕೋ. ಒಂದೊಂದೇ ಕಾಗದ ತೆಗೆದು ಪಟ್ಟಿ ಮಾಡಿ, ಕೊನೆಗೆ ಮೂವರೂ ಸಹಿ ಹಾಕಿ. "ಇಷ್ಟು ಸಿಕ್ಕಿದೆ, ಇಷ್ಟು ಸಿಕ್ಕಿಲ್ಲ" ಎನ್ನುವುದು ಮೊದಲ ದಿನವೇ ಕಾಗದದ ಮೇಲೆ ಇರಬೇಕು. ಇದು ನಿನ್ನ ರಕ್ಷಣೆಗೂ ಹೌದು, ಮೇಷ್ಟ್ರ ಮನೆಯವರ ರಕ್ಷಣೆಗೂ ಹೌದು.

ಆಮೇಲೆ ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ಓದು. ಎಷ್ಟೋ ಸಂಘದವರು ನೋಂದಣಿ ದಿನ ನೋಡಿದ ಬೈಲಾವನ್ನು ಮತ್ತೆ ತೆಗೆದಿರುವುದೇ ಇಲ್ಲ. ಕಾರ್ಯದರ್ಶಿ ಇಲ್ಲದಾಗ ಸಭೆ ಕರೆಯುವ ಅಧಿಕಾರ ಯಾರಿಗೆ, ತೆರವಾದ ಸ್ಥಾನ ತುಂಬುವುದು ಹೇಗೆ, ನೋಟಿಸು ಎಷ್ಟು ದಿನ ಮುಂಚೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು, ಬ್ಯಾಂಕಿಗೆ ಯಾರ ಸಹಿ, ಎಲ್ಲ ಅಲ್ಲೇ ಇರುತ್ತದೆ. ಅದರ ಪ್ರಕಾರ ಕಾರ್ಯಕಾರಿ ಸಮಿತಿ ಸಭೆ ಕರೆಸಿ ಎರಡು ಠರಾವು ಮಾಡಿ: ಹಂಗಾಮಿ ಕಾರ್ಯದರ್ಶಿ ನೇಮಕ, ಬ್ಯಾಂಕ್ ಸಹಿ ಬದಲಾವಣೆ. ಸರ್ವ ಸದಸ್ಯರ ಸಭೆಗೆ ದಿನಾಂಕ ಗೊತ್ತುಮಾಡಿ. ಆ ಸಭೆಯ ನಡಾವಳಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ: "2021ರ ನಂತರ ವಾರ್ಷಿಕ ಸಭೆ ನಡೆದಿಲ್ಲ. ಬಾಕಿ ವರ್ಷಗಳ ಪರಿಶೋಧಿತ ಲೆಕ್ಕಪತ್ರಗಳನ್ನು ಈ ಸಭೆಯ ಮುಂದೆ ಇಡಲಾಗಿದೆ." ಅದನ್ನೇ ಹಾಸನಕ್ಕೆ ಕೊಂಡೊಯ್ಯಿರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ 13ನೇ ಸೆಕ್ಷನ್ ಪ್ರಕಾರ ಪ್ರತಿ ವರ್ಷ ಸಮಿತಿಯ ಪಟ್ಟಿ, ಪರಿಶೋಧಿತ ಲೆಕ್ಕ ಸಲ್ಲಿಸಬೇಕು. ತಪ್ಪಿದ ವರ್ಷಗಳಿಗೆ ಕೇಳಿದ ಶುಲ್ಕ ಕಟ್ಟಿ ರಸೀದಿ ಪಡೆಯಿರಿ. ಹೀಗೇ ಬಿಟ್ಟರೆ ವಿಚಾರಣೆಗೆ, ಕೊನೆಗೆ ಸರ್ಕಾರ ಆಡಳಿತಾಧಿಕಾರಿ ನೇಮಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ.

ಪಾಠ ಹೇಳುವವರನ್ನು ಕಾಯಿಸಬೇಡಿ. ಸಮಿತಿಯಲ್ಲಿ ಅನುಕೂಲ ಇರುವವರು ಯಾರಾದರೂ ಸಂಘಕ್ಕೆ ಕೈಸಾಲ ಕೊಡಲಿ. ಬಡ್ಡಿ ಇಲ್ಲದೆ, ಬ್ಯಾಂಕ್ ಮೂಲಕ, ಠರಾವಿನಲ್ಲಿ ಬರೆದು. ಖಾತೆ ತೆರೆದುಕೊಂಡ ಮೇಲೆ ತೀರಿಸಿ.

---

ಹೇಮಾವತಿ ದಡ · 22 ಜೂನ್ 2025

ಇಷ್ಟೆಲ್ಲ ತಲೆನೋವು ಯಾಕೆ? ಹೊಸದಾಗಿ ಒಂದು ಟ್ರಸ್ಟ್ ಮಾಡಿಬಿಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ, ಒಂದು ದಿನದ ಕೆಲಸ. ವರ್ಷ ವರ್ಷ ಹಾಸನಕ್ಕೆ ಅಲೆಯುವುದೂ ತಪ್ಪುತ್ತದೆ.

---

ಲೆಕ್ಕದ ಮೇಜು · 22 ಜೂನ್ 2025

ನಾನು ಚಾರ್ಟರ್ಡ್ ಅಕೌಂಟೆಂಟ್, ಇಂಥ ಸಣ್ಣ ಸಂಘಗಳ ಲೆಕ್ಕ ನೋಡುವುದೇ ನನ್ನ ಹೆಚ್ಚಿನ ಕೆಲಸ. ಹೊಸ ಟ್ರಸ್ಟ್ ಸುಲಭ ಎನ್ನುವುದು ನಿಜ. ಆದರೆ ಹಳೆಯ ಸಂಘ ಎಲ್ಲಿಗೂ ಹೋಗುವುದಿಲ್ಲ. ಅದರ ಬ್ಯಾಂಕಿನ ದುಡ್ಡು, ಪುಸ್ತಕ, ಬೆಂಚು ಯಾವುದನ್ನೂ ಸುಮ್ಮನೆ ಎತ್ತಿ ಹೊಸ ಟ್ರಸ್ಟಿಗೆ ಹಾಕುವ ಹಾಗಿಲ್ಲ, ಅದು ಸಂಘದ ಆಸ್ತಿ. ಜೊತೆಗೆ ಹದಿನಾರು ವರ್ಷದ ವಯಸ್ಸು ಕಳೆದುಕೊಳ್ಳುತ್ತೀರಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೆ, ಕಂಪನಿ ತಾನೇ ಕಟ್ಟಿದ್ದಲ್ಲದ ಹೊರಗಿನ ಸಂಸ್ಥೆಯಾದರೆ, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಗೂ ಮೂರು ವರ್ಷ ಆಗಿರಬೇಕು. ಇನ್ನೊಂದು ಮಾತು: ಟ್ರಸ್ಟಿನಲ್ಲಿ ಸಾಮಾನ್ಯವಾಗಿ ಟ್ರಸ್ಟಿಗಳು ಜೀವನಪರ್ಯಂತ ಇರುತ್ತಾರೆ. ಒಬ್ಬರ ತಲೆಯಲ್ಲೇ ಎಲ್ಲ ಉಳಿದದ್ದರಿಂದ ಬಂದ ತೊಂದರೆ ಇದು. ಚುನಾವಣೆ ಇಲ್ಲದ ವ್ಯವಸ್ಥೆಗೆ ಹೋದರೆ ಅದೇ ತೊಂದರೆಯನ್ನು ಮುಂದಿನವರಿಗೆ ದಾಟಿಸಿದ ಹಾಗೆ.

ಸಂಜೆಶಾಲೆಯವರೇ, ಆದಾಯ ತೆರಿಗೆಯ ಕಡೆ ಎರಡು ವಿಷಯ ತುರ್ತು.

ಒಂದು, 80ಜಿ ದೇಣಿಗೆಗಳ, ಅಂದರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವ ದೇಣಿಗೆಗಳ ವಿವರ ಕೊಡುವ ಫಾರಂ 10ಬಿಡಿ. 2024-25ರ ದೇಣಿಗೆಗಳಿಗೆ ಮೇ 31 ಕಡೆಯ ದಿನವಾಗಿತ್ತು. ತಡವಾದ ದಿನಕ್ಕೆ 200 ರೂಪಾಯಿ ಶುಲ್ಕ ಓಡುತ್ತಿದೆ, ಇವತ್ತಿಗೆ 4,400 ಆಯಿತು. ಅದು ಸಲ್ಲಿಕೆಯಾದ ಮೇಲೆ ಬರುವ 10ಬಿಇ ಪ್ರಮಾಣಪತ್ರ ಇಲ್ಲದೆ ನಿಮ್ಮ ಬೆಂಗಳೂರಿನ ದಾನಿಗಳಿಗೆ ವಿನಾಯಿತಿ ಸಿಗುವುದಿಲ್ಲ. ಕೈಯಲ್ಲಿ ಬರೆದ ರಸೀದಿ ಈಗ ಅದಕ್ಕೆ ಸಾಲದು.

ಎರಡು, ನಿಮ್ಮ 12ಎಬಿ ಆದೇಶ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಹುಡುಕಿ ನೋಡಿ. 2021ರ ಸುಮಾರಿಗೆ ಹಳೆಯ ಸಂಸ್ಥೆಗಳೆಲ್ಲ ಮರುನೋಂದಣಿ ಮಾಡಿಸಿದಾಗ ಐದು ವರ್ಷಕ್ಕೆ ಕೊಟ್ಟರು. ನಿಮ್ಮದೂ ಹಾಗೇ ಇದ್ದರೆ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಗಿಯುವ ಆರು ತಿಂಗಳ ಮುಂಚೆ, ಅಂದರೆ ಇದೇ ಸೆಪ್ಟೆಂಬರ್ 30ರೊಳಗೆ ನವೀಕರಣಕ್ಕೆ ಫಾರಂ 10ಎಬಿ ಹಾಕಬೇಕು. 80ಜಿಗೆ ಬೇರೆ ಅರ್ಜಿ. ಇದು ತಪ್ಪಿದರೆ ಸಂಸ್ಥೆಯ ನಿವ್ವಳ ಆಸ್ತಿಯ ಮೇಲೇ ಗರಿಷ್ಠ ದರದ ತೆರಿಗೆ ಬೀಳುವ ನಿಯಮ 2023ರಿಂದ ಇದೆ. ಒಂದು ಸಮಾಧಾನದ ವಿಷಯವೂ ಇದೆ: ಅರ್ಜಿಯ ಹಿಂದಿನ ಎರಡು ವರ್ಷಗಳಲ್ಲಿ ಆದಾಯ 5 ಕೋಟಿ ದಾಟದ ಸಂಸ್ಥೆಗಳಿಗೆ ಈ ವರ್ಷದಿಂದ 12ಎಬಿ ನೋಂದಣಿ 10 ವರ್ಷಕ್ಕೆ ಸಿಗುತ್ತದೆ.

ಇಷ್ಟಕ್ಕೂ ನಿಮಗೆ ಈಗ ಬೇಕಾಗಿರುವುದು ಇ-ಫೈಲಿಂಗ್ ಲಾಗಿನ್. ಪಾಸ್‌ವರ್ಡ್ ಯಾರ ಹತ್ತಿರ ಇದೆ?

---

ಸಂಜೆಶಾಲೆ · 24 ಜೂನ್ 2025

ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಫೋನ್ ನಂಬರ್ ಮೇಷ್ಟ್ರದು. ಅವರ ಮಗನಿಗೆ ಕೇಳಲು ಸಂಕೋಚವಾಗಿ ಎರಡು ದಿನ ಸುಮ್ಮನಿದ್ದೆ. ನಿನ್ನೆ ಸಂಜೆ ಹೋಗಿ ಕೇಳಿದೆ. ಅವರು ಒಳಗಿಂದ ಆ ಹಳೇ ಬಟನ್ ಫೋನ್ ತಂದರು. "ಅಮ್ಮ ಚಾರ್ಜ್ ಹಾಕಿ ಇಡ್ತಾರೆ, ತಿಂಗಳು ತಿಂಗಳು ರೀಚಾರ್ಜ್ ಮಾಡಿಸ್ತೀನಿ" ಎಂದರು. ಅಮ್ಮ ಪಕ್ಕದಲ್ಲೇ ಕೂತಿದ್ದರು. ಒಟಿಪಿ ಬಂದು ಫೋನ್ ಕುಂಯ್ ಎಂದಾಗ ಮೂವರೂ ಮಾತಾಡಲಿಲ್ಲ. ಮಗನೇ ಆರು ಅಂಕಿ ಓದಿ ಹೇಳಿದರು.

ಲಾಗಿನ್ ಸಿಕ್ಕಿತು. ಲೆಕ್ಕದ ಮೇಜು ಸರ್ ಹೇಳಿದ ಹಾಗೇ ಇದೆ, ನೋಂದಣಿ 2026 ಮಾರ್ಚ್‌ವರೆಗೆ ಮಾತ್ರ. ಶನಿವಾರ ಸಮಿತಿ ಸಭೆ ಇಟ್ಟಿದ್ದೇವೆ. ಏಳು ಜನರಲ್ಲಿ ಐವರು ಬರುತ್ತಾರೆ.

---

ಖಜಾಂಚಿ, ಕುಂದಾಪುರ · 25 ಜೂನ್ 2025

ಓದಿ ಕಣ್ಣು ತುಂಬಿ ಬಂತು. ಆ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಲಾಗಿನ್ ಸಿಕ್ಕಿದ ಕೂಡಲೇ ಅಧಿಕೃತ ಸಹಿದಾರರ ಹೆಸರು, ಮೊಬೈಲ್, ಇಮೇಲ್ ಬದಲಿಸಿ. ಇಮೇಲ್ ಸಂಘದ ಹೆಸರಿನಲ್ಲಿ ಹೊಸದು ಮಾಡಿ, ಯಾರ ಸ್ವಂತದ್ದೂ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಪ್ಯಾನ್, ಬ್ಯಾಂಕ್, ದರ್ಪಣ್ ಪೋರ್ಟಲ್ (ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸುವ ಸರ್ಕಾರದ ಜಾಲತಾಣ), ಇ-ಫೈಲಿಂಗ್ ಎಲ್ಲದರ ವಿವರ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ಇಬ್ಬರ ಸಹಿ ಮಾಡಿ ಅಧ್ಯಕ್ಷರ ಮನೆಯ ಬೀರುವಿನಲ್ಲಿಡಿ. ನಮ್ಮ ಮಹಿಳಾ ಮಂಡಳಿಯಲ್ಲಿ ಹದಿನೊಂದು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ. ವರ್ಷಕ್ಕೊಮ್ಮೆ ವಾರ್ಷಿಕ ಸಭೆಯ ದಿನ ಲಕೋಟೆ ಒಡೆದು ಹೊಸದು ಮಾಡುತ್ತೇವೆ.

ದಿನದ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದು ನಗದು ಪುಸ್ತಕ, ಒಂದು ಬ್ಯಾಂಕ್ ಪುಸ್ತಕ, ನಂಬರ್ ಹಾಕಿದ ರಸೀದಿ ಪುಸ್ತಕ, ವೋಚರ್ ಫೈಲು ಸಾಕು. ಆದರೆ ಅವತ್ತಿನದು ಅವತ್ತೇ ಬರೆಯಬೇಕು. ನಾನು ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಹತ್ತು ನಿಮಿಷ ಕೂತು ಬರೆಯುತ್ತೇನೆ. ಮರುದಿನಕ್ಕೆ ಬಿಟ್ಟರೆ ಎರಡು ನೂರು ರೂಪಾಯಿ ಎಲ್ಲಿ ಹೋಯಿತೆಂದು ವಾರವೆಲ್ಲ ಹುಡುಕಬೇಕು. ರಸೀದಿ ಹರಿದು ಕೆಟ್ಟರೆ ಎಸೆಯಬೇಡಿ, "ರದ್ದು" ಎಂದು ಬರೆದು ಅಲ್ಲೇ ಪಿನ್ ಮಾಡಿ. ದುಡ್ಡು ಪಡೆಯುವವರು ಒಬ್ಬರು, ಪುಸ್ತಕ ಬರೆಯುವವರು ಇನ್ನೊಬ್ಬರು ಇರಲಿ. ಬಂದ ನಗದನ್ನು ನೇರ ಖರ್ಚು ಮಾಡದೆ ಬ್ಯಾಂಕಿಗೆ ಕಟ್ಟಿ, ಖರ್ಚಿಗೆ ಬೇಕಾದ್ದನ್ನು ಅಲ್ಲಿಂದ ತೆಗೆಯಿರಿ.

ಮತ್ತೆ ಫೋನ್ ಪೇ ವಿಷಯ. ಎಷ್ಟೋ ಸಂಘಗಳಲ್ಲಿ ಕಾರ್ಯದರ್ಶಿಯ ಸ್ವಂತ ನಂಬರಿಗೇ ದೇಣಿಗೆ ಬರುತ್ತದೆ. ಅವರು ಪ್ರಾಮಾಣಿಕರೇ, ನನಗೆ ಅನುಮಾನವಿಲ್ಲ. ಆದರೆ ಸಂಘದ ದುಡ್ಡೂ ಮನೆಯ ದುಡ್ಡೂ ಒಂದೇ ಪಾತ್ರೆಗೆ ಬಿದ್ದ ಮೇಲೆ ಬೇರೆ ಮಾಡಿ ತೋರಿಸುವುದು ಅವರಿಗೇ ಕಷ್ಟ. ಸಂಘದ ಖಾತೆಗೇ ಕ್ಯೂಆರ್ ಕೋಡ್ ಕೊಡಿ ಎಂದು ಬ್ಯಾಂಕಿನಲ್ಲಿ ಕೇಳಿ.

---

ಲೆಕ್ಕದ ಮೇಜು · 25 ಜೂನ್ 2025

ಮೇಡಂ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ವಿನಾಯಿತಿ ಇಲ್ಲ, ದಾನಿಗೆ ಮೊದಲೇ ಹೇಳಿಬಿಡಿ. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಬಿದ್ದುಹೋಗುತ್ತದೆ. ಹೆಸರು ವಿಳಾಸ ಇಲ್ಲದ ದೇಣಿಗೆ ವರ್ಷಕ್ಕೆ ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ. 5, ಯಾವುದು ಹೆಚ್ಚೋ ಅದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ.

ಬಹಳ ಜನ ಕೇಳುವ ಇನ್ನೊಂದು ಪ್ರಶ್ನೆ, ಉಳಿಸುವ ಹಾಗೇ ಇಲ್ಲವೇ ಎಂದು. ಉಳಿಸಬಹುದು. ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಬೇಕು, ಶೇ. 15 ಯಾವ ಷರತ್ತೂ ಇಲ್ಲದೆ ಉಳಿಸಿಕೊಳ್ಳಬಹುದು. ಕಟ್ಟಡದಂಥ ನಿರ್ದಿಷ್ಟ ಕೆಲಸಕ್ಕೆ ಹೆಚ್ಚು ಕೂಡಿಡಬೇಕಾದರೆ ಫಾರಂ 10 ಕೊಟ್ಟು ಐದು ವರ್ಷದವರೆಗೆ ಇಡಬಹುದು. ಬ್ಯಾಂಕ್, ಅಂಚೆ ಕಚೇರಿಯಂತಹ ಕಾನೂನು ಒಪ್ಪಿದ ಕಡೆ ಮಾತ್ರ ಇಡಬೇಕು. ಊರಿನ ಚೀಟಿಗೆ ಹಾಕುವುದು, ಸಮಿತಿಯವರಿಗೆ ಕೈಗಡ ಕೊಡುವುದು ಕೂಡದು. ಸಣ್ಣ ಸಂಘಕ್ಕೆ ಆರು ತಿಂಗಳ ಖರ್ಚಿನಷ್ಟು ಉಳಿತಾಯ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಕೊಬ್ಬರಿಯ ಹಂಗಾಮು ನಂಬಿದವರಿಗೆ ಇನ್ನೂ ಹೆಚ್ಚಿದ್ದರೆ ಒಳ್ಳೆಯದು.

---

ದೂರದೂರು · 2 ಜುಲೈ 2025

ನಾನು ಅರಸೀಕೆರೆ ಕಡೆಯವನೇ, ಈಗ ಅಮೆರಿಕದಲ್ಲಿದ್ದೇನೆ. ಮೂವರು ಶಿಕ್ಷಕರ ಒಂದು ವರ್ಷದ ಗೌರವಧನ ನಾನು ಕೊಡುತ್ತೇನೆ. ಬೇಗ ಕಳಿಸಲು ಖಾತೆ ವಿವರ ಕೊಡಿ. ನಮ್ಮಣ್ಣ ಊರಲ್ಲೇ ಇದ್ದಾರೆ, ಬೇಕಾದರೆ ಅವರ ಖಾತೆಗೆ ಹಾಕಿ ಅವರಿಂದ ಕೊಡಿಸುತ್ತೇನೆ.

---

ಲೆಕ್ಕದ ಮೇಜು · 2 ಜುಲೈ 2025

ದೂರದೂರು ಅವರೇ, ನಿಮ್ಮ ಮನಸ್ಸು ದೊಡ್ಡದು. ದಯವಿಟ್ಟು ಕಳಿಸುವ ಮುಂಚೆ ಇದಕ್ಕೆ ಉತ್ತರ ಕೊಡಿ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?

ಭಾರತದ ಪಾಸ್‌ಪೋರ್ಟ್ ಇದ್ದರೆ ನೀವು ಎಲ್ಲಿದ್ದರೂ ನಿಮ್ಮ ಸಂಪಾದನೆಯ ದೇಣಿಗೆ ವಿದೇಶಿ ದೇಣಿಗೆ ಅಲ್ಲ. ಬ್ಯಾಂಕ್ ಮೂಲಕ ಕಳಿಸಿ, ಪಾಸ್‌ಪೋರ್ಟ್ ಪುಟದ ನಕಲನ್ನು ಸಂಘ ಇಟ್ಟುಕೊಂಡರೆ ಸಾಕು. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ನೀವು ವಿದೇಶಿ ಮೂಲ. ಆಗ ಎಫ್‌ಸಿಆರ್‌ಎ 2010ರ ಕೆಳಗೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ನಿಮ್ಮಿಂದ ಒಂದು ರೂಪಾಯಿಯನ್ನೂ ಪಡೆಯುವ ಹಾಗಿಲ್ಲ. ಅಣ್ಣನ ಖಾತೆ ಸುತ್ತಿಸಿ ಕೊಡಿಸುವುದಂತೂ ಬೇಡವೇ ಬೇಡ. ತೊಂದರೆ ಬರುವುದು ನಿಮಗಲ್ಲ, ಇಲ್ಲಿ ಸಹಿ ಹಾಕುವ ಹುಡುಗನಿಗೆ. ನೋಂದಣಿ ಇರುವ ಬೇರೆ ಸಂಸ್ಥೆಗೆ ಕೊಟ್ಟು ಅಲ್ಲಿಂದ ಇವರಿಗೆ ದಾಟಿಸುವ ದಾರಿಯೂ 2020ರ ತಿದ್ದುಪಡಿಯಿಂದ ಮುಚ್ಚಿದೆ.

ಎಫ್‌ಸಿಆರ್‌ಎ ನೋಂದಣಿಗೆ ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಈ ಸಂಘ ಸದ್ಯಕ್ಕೆ ಅದರ ಹತ್ತಿರವೂ ಇಲ್ಲ, ಇರಬೇಕಾಗಿಯೂ ಇಲ್ಲ.

---

ದೂರದೂರು · 3 ಜುಲೈ 2025

ನನ್ನದು ಅಮೆರಿಕದ ಪಾಸ್‌ಪೋರ್ಟ್, ನನ್ನಾಕೆಯದು ಭಾರತದ್ದೇ. ಅವಳೂ ದುಡಿಯುತ್ತಾಳೆ. ಅವಳ ಸಂಬಳದಿಂದ, ಅವಳ ಹೆಸರಿನ ಖಾತೆಯಿಂದಲೇ, ಅವಳಿಗೆ ಆದಷ್ಟು ಕೊಡುತ್ತಾಳೆ. ನಾನು ವಾರಕ್ಕೆರಡು ದಿನ ಅಲ್ಲಿಯ ಸಂಜೆ ಹೊತ್ತಿಗೆ ಹತ್ತನೇ ತರಗತಿಯವರಿಗೆ ಗಣಿತ ಹೇಳಿಕೊಡಬಲ್ಲೆ. ಇಲ್ಲಿ ಬೆಳಿಗ್ಗೆ ಆಗಿರುತ್ತದೆ, ಆಫೀಸಿಗೆ ಹೋಗುವ ಮುಂಚೆ ಕೂರುತ್ತೇನೆ. ಅದಕ್ಕೆ ಅಡ್ಡಿ ಇಲ್ಲವಲ್ಲ?

---

ಮಕ್ಕಳ ಜೊತೆ · 3 ಜುಲೈ 2025

ಅಡ್ಡಿ ಇಲ್ಲ, ಆದರೆ ಆ ತರಗತಿಯಲ್ಲಿ ಊರಿನ ಶಿಕ್ಷಕರೊಬ್ಬರು ಮಕ್ಕಳ ಜೊತೆ ಕೂತಿರಲಿ. ತಪ್ಪು ತಿಳಿಯಬೇಡಿ ಸರ್, ಯಾರು ಪಾಠ ಹೇಳಿದರೂ ಇದೇ ನಿಯಮ ಇರಬೇಕು. ಮಕ್ಕಳ ಕೆಲಸ ಮಾಡುವ ಸಂಘಗಳು ಲೆಕ್ಕದ ವಿಷಯದಲ್ಲಿ ತೋರಿಸುವ ಕಾಳಜಿಯನ್ನು ಈ ವಿಷಯದಲ್ಲಿ ತೋರಿಸುವುದಿಲ್ಲ. ನನಗೆ ಬಹಳ ಸಂಕಟದ ವಿಷಯ ಅದು.

ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಏಳೂವರೆಗೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಯಾರ ಜೊತೆ ಮನೆಗೆ ಹೋಗುತ್ತಾರೆ ಎನ್ನುವುದು ಬರೆದಿಟ್ಟಿರಬೇಕು. ಮಗು ಏನಾದರೂ ಹೇಳಿಕೊಂಡರೆ ಊರಿನ ಮರ್ಯಾದೆ ಎಂದು ಸಮಿತಿಯಲ್ಲೇ ಮುಚ್ಚಿಡುವ ಹಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರೆಸಿ.

ಇನ್ನು ಫೋಟೊ. ದಾನಿ ಬ್ಯಾಗು ಕೊಡುವಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ತೆಗೆದು ಹಂಚುವುದನ್ನು ದಯವಿಟ್ಟು ಬಿಡಿ. ಅದೇ ಮಗು ಮರುದಿನ ಶಾಲೆಯಲ್ಲಿ ಎಲ್ಲರ ಮುಂದೆ "ಪುಕ್ಕಟೆ ಬ್ಯಾಗಿನವನು" ಆಗುತ್ತಾನೆ. ದಾನಿಗೆ ಮಗುವಿನ ಮುಖ ಬೇಕಿಲ್ಲ. ಮಗು ಬರೆದ ಒಂದು ಪುಟದ ಚಿತ್ರ ಕಳಿಸಿ ನೋಡಿ.

---

ಸಂಜೆಶಾಲೆ · 9 ಆಗಸ್ಟ್ 2025

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 10ಬಿಡಿ ಜೂನ್ 28ಕ್ಕೇ ಹಾಕಿದೆವು, 5,600 ತಡ ಶುಲ್ಕ ಬಿತ್ತು. ನಾವು ಐವರು ಹಂಚಿಕೊಂಡೆವು, ಸಂಘದ ದುಡ್ಡಿನಿಂದ ಕೊಡಲು ಮನಸ್ಸು ಬರಲಿಲ್ಲ. ಬ್ಯಾಂಕಿನವರು ಠರಾವಿನ ನಕಲು, ಹೊಸ ಸಹಿದಾರರ ಕೆವೈಸಿ, ಮರಣ ಪ್ರಮಾಣಪತ್ರ ಎಲ್ಲ ಪಡೆದು ಮೂರು ವಾರದಲ್ಲಿ ಖಾತೆ ಸರಿಮಾಡಿಕೊಟ್ಟರು. ಈಗ ಮೂವರಲ್ಲಿ ಯಾವ ಇಬ್ಬರು ಸಹಿ ಮಾಡಿದರೂ ಆಗುತ್ತದೆ. ಶಿಕ್ಷಕರ ಬಾಕಿ ತೀರಿತು.

ಹೊಸ ಪ್ರಶ್ನೆ. ಬೆಂಗಳೂರಿನ ಒಂದು ಕಂಪನಿಯವರು ಬಂದಿದ್ದರು. ಸಿಎಸ್‌ಆರ್‌ನಿಂದ 40 ಟ್ಯಾಬ್ಲೆಟ್ ಕೊಡುತ್ತಾರಂತೆ. ಗೌರವಧನಕ್ಕೆ ಮಾತ್ರ ಕೊಡುವುದಿಲ್ಲವಂತೆ. ಸಮಿತಿಯಲ್ಲಿ ಎಲ್ಲರಿಗೂ ಖುಷಿ, ನನಗೊಬ್ಬನಿಗೇ ಅಳುಕು.

---

ಹಳೇ ಕಾರ್ಯದರ್ಶಿ · 9 ಆಗಸ್ಟ್ 2025

ನಿನ್ನ ಅಳುಕು ಸರಿಯಾಗಿದೆ. ಟ್ಯಾಬ್ಲೆಟ್ ಬಂದ ಮೇಲೆ ಅದಕ್ಕೆ ಬೀರು ಬೇಕು, ಬೀಗ ಬೇಕು, ಚಾರ್ಜಿಂಗಿಗೆ ಪ್ಲಗ್ ಪಾಯಿಂಟ್ ಬೇಕು, ಒಡೆದರೆ ರಿಪೇರಿ ಬೇಕು, ಮೂರು ತಿಂಗಳಿಗೊಮ್ಮೆ ವರದಿ ಬರೆಯಲು ಒಬ್ಬರು ಬೇಕು. ಆ ಖರ್ಚನ್ನು ಯಾರು ಕೊಡುತ್ತಾರೆ? ನಮ್ಮ ಸಂಘಕ್ಕೆ ಹಿಂದೆ ಒಮ್ಮೆ ಹೊಲಿಗೆ ಯಂತ್ರ ಬಂದಿದ್ದವು. ಕಲಿಸುವವರ ಸಂಬಳಕ್ಕೆ ದುಡ್ಡಿಲ್ಲದೆ ಆರು ಯಂತ್ರ ಗೋಣಿತಾಟು ಹೊದ್ದು ಕೂತವು. ದಿನಾ ಬಾಗಿಲು ತೆಗೆಯುವಾಗ ಅವನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಡ. ಒಂದು ಹಾಳೆಯಲ್ಲಿ ಬರೆದು ಕೊಡು: ಒಂದು ಮಗುವಿಗೆ ಒಂದು ವರ್ಷ ಸಂಜೆ ಪಾಠಕ್ಕೆ ಎಷ್ಟು ಬೀಳುತ್ತದೆ, ಅದರಲ್ಲಿ ಶಿಕ್ಷಕರ ಪಾಲು ಎಷ್ಟು. ನಿಮ್ಮ ಕೆಲಸದಲ್ಲಿ ಶಿಕ್ಷಕರೇ ಯೋಜನೆ, ಅದು ಆಡಳಿತ ಖರ್ಚಲ್ಲ ಎಂದು ತಿಳಿಸಿ ಹೇಳು. ಸಿಎಸ್‌ಆರ್ ನಿಯಮದ ಶೇ. 5ರ ಮಿತಿ ಕಂಪನಿ ತನ್ನ ಆಡಳಿತಕ್ಕೆ ಮಾಡಿಕೊಳ್ಳುವ ಖರ್ಚಿಗೆ. ಪಾಠ ಹೇಳುವವರಿಗೆ ಕೊಡುವುದನ್ನು ಅದು ತಡೆಯುವುದಿಲ್ಲ. ಹಾಗೂ ಒಪ್ಪದಿದ್ದರೆ 40ರ ಬದಲು 8 ಕೊಡಿ, ಎರಡು ವರ್ಷದ ನಿರ್ವಹಣೆ ಸೇರಿಸಿ ಎಂದು ಕೇಳು. ಸಿಎಸ್‌ಆರ್-1 (ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳು ಸರ್ಕಾರದಲ್ಲಿ ಮಾಡಿಸುವ) ನೋಂದಣಿ ಇಲ್ಲದೆ ಅವರು ನಿಮ್ಮ ಮೂಲಕ ಯೋಜನೆ ನಡೆಸಲಾರರು, ಅದಕ್ಕೂ ನಿಮ್ಮ 12ಎಬಿ, 80ಜಿ ಜೀವಂತ ಇರಬೇಕು. ಹಾಗಾಗಿ ಸೆಪ್ಟೆಂಬರ್ 30 ಮರೆಯಬೇಡ.

---

ಲೆಕ್ಕದ ಮೇಜು · 25 ಆಗಸ್ಟ್ 2025

ಎಲ್ಲರ ಗಮನಕ್ಕೆ: ಹೊಸ ಆದಾಯ ತೆರಿಗೆ ಕಾಯ್ದೆ 2025ಕ್ಕೆ ಇದೇ 21ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. 2026 ಏಪ್ರಿಲ್ 1ರಿಂದ ಜಾರಿ. ನಾವು ಬಾಯಿಪಾಠ ಮಾಡಿಕೊಂಡಿರುವ ಸೆಕ್ಷನ್ ನಂಬರುಗಳು ಬದಲಾಗುತ್ತವೆ. ಗಾಬರಿ ಬೇಡ. ಈಗಿನ ಅರ್ಜಿಗಳನ್ನು ಈಗಿನ ಕಾಯ್ದೆಯಲ್ಲೇ, ಈಗಿನ ದಿನಾಂಕಕ್ಕೇ ಹಾಕಿ.

---

ಸಂಜೆಶಾಲೆ · 21 ಸೆಪ್ಟೆಂಬರ್ 2025

ಸರ್ವ ಸದಸ್ಯರ ಸಭೆ ಹೋದ ಭಾನುವಾರ ನಡೆಯಿತು. ಲೈಬ್ರರಿಯಲ್ಲಿ ಜಾಗ ಸಾಲದೆ ಅರಳಿಕಟ್ಟೆಗೆ ಹೋದೆವು. 58 ಸದಸ್ಯರಲ್ಲಿ 41 ಜನ. ನಾಲ್ಕು ವರ್ಷ ಸಭೆ ನಡೆದಿಲ್ಲ ಎಂದು ನಾನೇ ಎದ್ದು ಓದಿದೆ, ಕಾಲು ನಡುಗುತ್ತಿತ್ತು. ಯಾರೂ ಬೈಯಲಿಲ್ಲ. ಒಬ್ಬ ಹಿರಿಯರು ಮಾತ್ರ "ಕರೆದಿದ್ದರೆ ಬರುತ್ತಿದ್ದೆವಲ್ಲಪ್ಪಾ" ಎಂದರು. ಅದು ಬೈದಿದ್ದಕ್ಕಿಂತ ಹೆಚ್ಚು ತಾಗಿತು.

ಹೊಸ ಸಮಿತಿಯಲ್ಲಿ ಏಳು ಜನ, ಅದರಲ್ಲಿ ಮೂವರು ಮಕ್ಕಳ ತಾಯಂದಿರು. ಹಾಸನದಲ್ಲಿ ಕಾಗದ ಕೊಟ್ಟೆವು. ಗುಮಾಸ್ತರು ನಡಾವಳಿ ಓದಿ, ಇದ್ದದ್ದು ಹೀಗೆ ಬರೆದುಕೊಂಡು ಬರುವವರು ಕಡಿಮೆ ಎಂದರು. ಶುಲ್ಕ ಕಟ್ಟಿ ರಸೀದಿ ಪಡೆದೆವು. 12ಎಬಿ, 80ಜಿ ಎರಡಕ್ಕೂ 10ಎಬಿ ಮೊನ್ನೆ 19ಕ್ಕೆ ಹಾಕಿಯಾಯಿತು. ಕಂಪನಿಯವರು ಎಂಟು ಟ್ಯಾಬ್ಲೆಟ್ ಮತ್ತು ಒಬ್ಬ ಶಿಕ್ಷಕಿಯ ಒಂದು ವರ್ಷದ ಗೌರವಧನಕ್ಕೆ ಒಪ್ಪಿದ್ದಾರೆ, ನೋಂದಣಿ ಆದೇಶ ಬಂದ ಮೇಲೆ.

---

ಹಳೇ ಕಾರ್ಯದರ್ಶಿ · 21 ಸೆಪ್ಟೆಂಬರ್ 2025

ಭೇಷ್! ಅರ್ಜಿ ಹಾಕಿದ ಮೇಲೆ ಇಲಾಖೆಯಿಂದ ಪ್ರಶ್ನೆ ಬರುತ್ತದೆ, ಪೋರ್ಟಲ್ ವಾರಕ್ಕೊಮ್ಮೆ ನೋಡು. ಉತ್ತರ ಕೊಡಲು ಕೊಡುವ ಸಮಯ ಕಡಿಮೆ.

ಒಂದು ಮಾತು ಕೇಳಬೇಕೆಂದಿದ್ದೆ. ಈಗ ನಿನಗೆ ಎಲ್ಲ ಗೊತ್ತು. ನಿನ್ನ ಬಿಟ್ಟು ಇನ್ಯಾರಿಗೆ ಗೊತ್ತು? ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ನೋಡು. 1949ರಲ್ಲಿ ಒಂದು ಸಣ್ಣ ಹಳ್ಳಿಯಲ್ಲಿ ಶುರುವಾದದ್ದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ 2005ರಲ್ಲಿ ಹೋದರು. ಶಿಬಿರ, ಊರೂರು ಸುತ್ತಿ ನಾಟಕ ಆಡುವ ತಿರುಗಾಟ ನಿಲ್ಲಲಿಲ್ಲ. ಅಷ್ಟು ದೊಡ್ಡದು ಆಗಬೇಕಿಲ್ಲ ನಿಮ್ಮದು. ಆದರೆ ಕಾರ್ಯದರ್ಶಿಯ ಅವಧಿ ಮೂರು ವರ್ಷ, ಎರಡು ಸಲಕ್ಕಿಂತ ಹೆಚ್ಚಿಲ್ಲ ಎಂದು ಈಗಲೇ ಬೈಲಾ ತಿದ್ದುಪಡಿಗೆ ಇಡು. ನಿನಗೆ ಬಿಡಲು ಮನಸ್ಸಿಲ್ಲದ ಕಾಲ ಬರುವ ಮುಂಚೆ. ನಾನು ಇಪ್ಪತ್ತೆರಡು ವರ್ಷ ಕೂತೆ. ಆಮೇಲೆ ಬಂದವರಿಗೆ ಕಲಿಯಲು ನಾನು ಜಾಗವನ್ನೇ ಕೊಟ್ಟಿರಲಿಲ್ಲ. ಆ ನೋವು ಈಗಲೂ ಇದೆ.

---

ಸಂಜೆಶಾಲೆ · 7 ಡಿಸೆಂಬರ್ 2025

ಸಹ ಕಾರ್ಯದರ್ಶಿಯಾಗಿ ಒಬ್ಬ ತಾಯಿಯನ್ನು ಜೊತೆಗೆ ಸೇರಿಸಿಕೊಂಡಿದ್ದೇನೆ. ಇಲಾಖೆಯ ಪ್ರಶ್ನೆಗೆ ಉತ್ತರ ಅವರೇ ಅಪ್‌ಲೋಡ್ ಮಾಡಿದರು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಆದೇಶಕ್ಕೆ ಕಾಯುತ್ತಿದ್ದೇವೆ. ಅವಧಿಯ ತಿದ್ದುಪಡಿ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿದೆ.

ಹೋದ ತಿಂಗಳಿಂದ ಪ್ರತಿ ತಿಂಗಳ ಜಮಾ ಖರ್ಚನ್ನು ಲೈಬ್ರರಿ ಬಾಗಿಲಿಗೆ ಅಂಟಿಸುತ್ತಿದ್ದೇವೆ, ದೊಡ್ಡ ಅಕ್ಷರದಲ್ಲಿ. ಮೊನ್ನೆ ನಮ್ಮೂರ ಅಜ್ಜಿಯೊಬ್ಬರು ಮೊಮ್ಮಗನಿಂದ ಪೂರ್ತಿ ಓದಿಸಿಕೊಂಡು ನನ್ನನ್ನು ಕರೆಸಿದರು. ಗಣೇಶನ ಹಬ್ಬದ ಹೊತ್ತಿಗೆ ನೂರು ತೆಂಗಿನಕಾಯಿ ಕೊಟ್ಟಿದ್ದರಂತೆ. "ಎಲ್ಲರ ಹೆಸರೂ ಬರ್ದೀಯ, ನನ್ನ ಕಾಯಿ ಎಲ್ಲಪ್ಪಾ?" ಎಂದು ಕೇಳಿದರು. ಕಾಯಿ ಮಾರಿದ ದುಡ್ಡು ನಗದು ಪುಸ್ತಕದಲ್ಲಿ "ಕಾಯಿ ಮಾರಾಟ" ಎಂದಿದೆ, ಅವರ ಹೆಸರು ಎಲ್ಲೂ ಇಲ್ಲ. ಕುಂದಾಪುರದ ಅಕ್ಕಾ, ಇದನ್ನು ಹೇಗೆ ಬರೆಯಬೇಕು?

---

ಖಜಾಂಚಿ, ಕುಂದಾಪುರ · 7 ಡಿಸೆಂಬರ್ 2025

ದಾಸ್ತಾನು ಪುಸ್ತಕ ಒಂದು ಶುರು ಮಾಡಿ. ಅದರಲ್ಲಿ ಕೊಟ್ಟವರ ಹೆಸರು, ದಿನಾಂಕ, "ತೆಂಗಿನಕಾಯಿ 100" ಎಂದು ಬಂದದ್ದರ ಕಡೆ ಬರೆಯಿರಿ. ಮಾರಿದ ದಿನ ಹೋದದ್ದರ ಕಡೆ 100 ಬರೆದು, ನಗದು ಪುಸ್ತಕದ ಪುಟದ ನಂಬರು ಪಕ್ಕಕ್ಕೆ ಹಾಕಿ. ವಸ್ತುವಿಗೆ 80ಜಿ ಇಲ್ಲ, ಆದರೆ ರಸೀದಿ ಇದೆ. ಇವತ್ತಿನ ತಾರೀಖು ಹಾಕಿ, "ಆಗಸ್ಟ್‌ನಲ್ಲಿ ಪಡೆದದ್ದು" ಎಂದು ಒಳಗೆ ಬರೆದು, ಅಜ್ಜಿಯ ಮನೆಗೇ ಹೋಗಿ ಕೊಟ್ಟು ಬನ್ನಿ. ಬಾಗಿಲಿನ ಪಟ್ಟಿಯಲ್ಲೂ ಕೈಯಲ್ಲೇ ಒಂದು ಸಾಲು ಸೇರಿಸಿ, ಪಕ್ಕದಲ್ಲಿ ನಿಮ್ಮ ಸಹಿ ಹಾಕಿ.